ದಂಡದ ರಸೀದಿ ವಿಮೆಯಲ್ಲ

ಕೊಳಗಲ್ಲಿನಿಂದ ಬಳ್ಳಾರಿಗೆ ದಿನವೂ ಬೈಕಿನಲ್ಲಿ ಹೋಗಿ ಬರುವ ನಮ್ಮ ವಯಸ್ಸಿನವರಿಗೆ ಒಂದು ಸುದ್ದಿ ಮಾತ್ರ ತಪ್ಪದೇ ಮುಟ್ಟುತ್ತದೆ. ಇವತ್ತು ಪೊಲೀಸರು ಎಲ್ಲಿ ನಿಂತಿದ್ದಾರೆ ಎಂಬ ಸುದ್ದಿ. ಕಾಲೇಜಿಗೆ ಹೋಗುವವರು, ಕೋಚಿಂಗ್ ತರಗತಿಗೆ ಹೋಗುವವರು, ಜೀನ್ಸ್ ಹೊಲಿಯುವ ಘಟಕಗಳಿಗೆ ಹೋಗುವವರು, ತೋರಣಗಲ್ಲಿನ ಕಡೆ ಪಾಳಿ ಕೆಲಸಕ್ಕೆ ಹೋಗುವವರು, ಎಲ್ಲರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇದೇ ಸಂದೇಶ: ‘ಸರ್ಕಲ್‌ನಾಗ ಹಿಡಿಯಾಕ ಹತ್ಯಾರ, ಹಿಂದಿನ ರೋಡಿಗೆ ಬರ್ರಿ’. ಸಿರುಗುಪ್ಪ, ಕುರುಗೋಡು ಕಡೆಯಿಂದ ಬರುವ ಗೆಳೆಯರ ಕತೆಯೂ ಬೇರೆಯಲ್ಲ. ಹೆಲ್ಮೆಟ್ ಇಲ್ಲದವನು, ಲೈಸೆನ್ಸ್ ಇಲ್ಲದವನು, ಇನ್ಶೂರೆನ್ಸ್ ಮುಗಿದವನು ಮೂವರೂ ಒಂದೇ ಓಣಿಯಲ್ಲಿ ತಪ್ಪಿಸಿಕೊಂಡು ಊರು ಸೇರುತ್ತಾರೆ.

ಸಿಕ್ಕಿಬಿದ್ದರೆ ದಂಡ ಕಟ್ಟುತ್ತೇವೆ. ರಸೀದಿ ಜೇಬಿಗಿಟ್ಟುಕೊಂಡು ಅದೇ ಬೈಕಿನಲ್ಲಿ ಮುಂದೆ ಹೋಗುತ್ತೇವೆ. ‘ಹೋದ್ರ ಸಾವಿರ ರೂಪಾಯಿ ಹೋಗತೈತಿ, ಏನಾಗತೈತಿ ಬಿಡಲೇ’ ಎಂಬ ಧೈರ್ಯ. ಈ ಧೈರ್ಯವೇ ನಮ್ಮನ್ನು ದಾರಿ ತಪ್ಪಿಸುತ್ತಿದೆ. ವಿಮೆಯಿಲ್ಲದ ವಾಹನದ ವಿಷಯದಲ್ಲಿ ಪೊಲೀಸರು ಹಾಕುವ ದಂಡ ಎಲ್ಲಕ್ಕಿಂತ ಸಣ್ಣ ಶಿಕ್ಷೆ. ನಿಜವಾದ ಶಿಕ್ಷೆ ರಸ್ತೆಯಲ್ಲಿ ಬರುವುದಿಲ್ಲ. ಅದು ಅಪಘಾತವಾಗಿ ಕೆಲವು ವರ್ಷಗಳಾದ ಮೇಲೆ, ಬಳ್ಳಾರಿಯ ನ್ಯಾಯಾಲಯದಿಂದ, ಮನೆಯ ಯಜಮಾನನ ಹೆಸರಿಗೆ ಬರುತ್ತದೆ. ಅದು ಬಂದಾಗ ಹೋಗುವುದು ಸಾವಿರ ರೂಪಾಯಿಯಲ್ಲ, ಹೊಲ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಮೂರನೇ ವ್ಯಕ್ತಿಗೆ ಆಗುವ ಹಾನಿಯ ವಿಮೆ ಇಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಯಾರೂ ಓಡಿಸುವಂತಿಲ್ಲ. ನಾವು ‘ಥರ್ಡ್ ಪಾರ್ಟಿ’ ಎನ್ನುವುದು ಇದನ್ನೇ. ಮೊದಲ ವ್ಯಕ್ತಿ ವಾಹನದ ಮಾಲೀಕ, ಎರಡನೆಯದು ವಿಮಾ ಕಂಪನಿ, ಮೂರನೆಯವರು ರಸ್ತೆಯಲ್ಲಿ ಹೋಗುತ್ತಿರುವ ಯಾರಾದರೂ: ಸಂತೆಗೆ ಹೊರಟ ಅಜ್ಜಿ, ಸೈಕಲ್ ತುಳಿಯುವ ಹುಡುಗ, ಎದುರು ಬರುವ ಇನ್ನೊಂದು ಬೈಕಿನವರು. ಅಂದರೆ ಈ ವಿಮೆ ನಮ್ಮ ಬೈಕಿಗಾಗಿ ಇರುವುದಲ್ಲ. ನಮ್ಮ ಬೈಕಿನಿಂದ ಪೆಟ್ಟು ತಿನ್ನುವವರಿಗಾಗಿ ಇರುವುದು. ಅದಕ್ಕೇ ಕಾನೂನು ಇದನ್ನು ನಮ್ಮ ಇಷ್ಟಕ್ಕೆ ಬಿಟ್ಟಿಲ್ಲ.

ಉಲ್ಲಂಘಿಸಿದರೆ 196ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೆ ಮೂರು ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000 ರೂಪಾಯಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಸ್ಥಳದಲ್ಲೇ ಕಟ್ಟುವ ಹಲವು ದಂಡಗಳನ್ನು ಇಳಿಸಿತು. ದ್ವಿಚಕ್ರ ವಾಹನಕ್ಕೆ ವಿಮೆ ಇಲ್ಲದಿದ್ದರೆ 1,000 ರೂಪಾಯಿ ಆಯಿತು. ನಮ್ಮ ಹುಡುಗರು ಹೇಳುವ ‘ಸಾವಿರ ರೂಪಾಯಿ’ ಇದೇ. ಬಾಕಿ ಉಳಿದ ಸಂಚಾರ ದಂಡಗಳ ಮೇಲೆ 2023ರಲ್ಲೂ 2025ರಲ್ಲೂ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಿದ್ದರಿಂದ, ಕಾದರೆ ಇನ್ನೂ ಕಡಿಮೆಗೆ ಮುಗಿಯುತ್ತದೆ ಎಂಬ ಲೆಕ್ಕವೂ ಬೆಳೆದಿದೆ.

ಈ ಸೆಕ್ಷನ್ನಿನ ಒಂದು ಮಾತನ್ನು ಮಾತ್ರ ಬಹಳ ಜನ ಗಮನಿಸುವುದಿಲ್ಲ. ವಿಮೆಯಿಲ್ಲದ ವಾಹನ ಓಡಿಸಿದವನಿಗೆ ಎಷ್ಟು ಶಿಕ್ಷೆಯೋ, ಗೊತ್ತಿದ್ದೂ ಅದನ್ನು ಓಡಿಸಲು ಬಿಟ್ಟವನಿಗೂ ಅಷ್ಟೇ. ಗೆಳೆಯ ‘ಅರ್ಧ ತಾಸಿನ್ಯಾಗ ಬರ್ತೀನಿ, ಕೀಲಿ ಕೊಡು’ ಎಂದಾಗ ಕೀಲಿಯ ಜೊತೆಗೆ ನಾವು ಇನ್ನೂ ಏನೇನು ಕೊಡುತ್ತಿದ್ದೇವೆ ಎಂದು ಯೋಚಿಸಬೇಕು.

ಲೆಕ್ಕ ಹಾಕಿ ನೋಡೋಣ

ಅಪಘಾತದಲ್ಲಿ ಜೀವ ಹೋದರೆ ಪರಿಹಾರ ಎಷ್ಟು ಎಂಬುದನ್ನು ಯಾರೂ ಬಾಯಿಗೆ ಬಂದಂತೆ ಹೇಳುವುದಿಲ್ಲ. ಅದಕ್ಕೆ ಸುಪ್ರೀಂ ಕೋರ್ಟ್ 2009ರಲ್ಲಿ ಒಂದು ಪಟ್ಟಿ ಕೊಟ್ಟಿದೆ. 2017ರ ಅಕ್ಟೋಬರ್ 31ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಿ ಇನ್ನಷ್ಟು ಸ್ಪಷ್ಟಪಡಿಸಿದೆ. ಲೆಕ್ಕ ಪಿಯುಸಿ ಓದಿದ ಯಾರಾದರೂ ಹಾಕಬಹುದಾದಷ್ಟು ಸರಳ.

ಒಬ್ಬ ಗಾರೆ ಕೆಲಸದವರು ಇದ್ದಾರೆ ಎಂದುಕೊಳ್ಳಿ. ವಯಸ್ಸು 35. ತಿಂಗಳ ದುಡಿಮೆ 15,000 ರೂಪಾಯಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ರಸ್ತೆ ದಾಟುವಾಗ ಬೈಕ್ ಬಡಿದು ಅವರು ತೀರಿಕೊಂಡರು, ತಪ್ಪು ಬೈಕಿನವನದೇ ಎಂದು ಸಾಬೀತಾಯಿತು ಎಂದಿಟ್ಟುಕೊಳ್ಳಿ. ನಲವತ್ತು ತುಂಬದ ಸ್ವಂತ ದುಡಿಮೆಯವರಾದ್ದರಿಂದ ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ಶೇ 40 ಸೇರಿಸಬೇಕು, 21,000 ಆಯಿತು. ಅವರ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆದರೆ 14,000. ವರ್ಷಕ್ಕೆ 1,68,000. ಮೂವತ್ತೊಂದರಿಂದ ಮೂವತ್ತೈದು ವಯಸ್ಸಿನವರಿಗೆ ಗುಣಕ 16. ಗುಣಿಸಿದರೆ 26,88,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಯ ವೆಚ್ಚ, ಹೆಂಡತಿ ಮಕ್ಕಳು ಕಳೆದುಕೊಂಡ ಆಸರೆಗೆ ನಿಗದಿಯಾದ ಮೊತ್ತ, ಅರ್ಜಿ ಹಾಕಿದ ದಿನದಿಂದ ಬಡ್ಡಿ. ಶೇ 6ರ ಬಡ್ಡಿ ಎಂದರೂ ವರ್ಷಕ್ಕೆ ಒಂದೂವರೆ ಲಕ್ಷ ದಾಟುತ್ತದೆ.

ಸತ್ತವನು ನಮ್ಮ ಹಾಗೆ ಇಪ್ಪತ್ತೈದರ, ಮದುವೆಯಾಗದ, ತಿಂಗಳಿಗೆ 12,000 ದುಡಿಯುವ ಹುಡುಗನಾಗಿದ್ದರೆ? ಶೇ 40 ಸೇರಿಸಿದರೆ 16,800. ಒಂಟಿಯಾದ್ದರಿಂದ ಅರ್ಧ ಕಳೆಯುತ್ತಾರೆ, 8,400. ಗುಣಕ 18. ಒಟ್ಟು 18,14,400 ರೂಪಾಯಿ.

ಈಗ ಇನ್ನೊಂದು ಪಕ್ಕದ ಲೆಕ್ಕ. ಥರ್ಡ್ ಪಾರ್ಟಿ ವಿಮೆಯ ದರವನ್ನು ಕಂಪನಿಗಳು ಮನಸ್ಸಿಗೆ ಬಂದಂತೆ ಇಡುವಂತಿಲ್ಲ. ಅದನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿ ಬೈಕಿಗೆ, ಅಂದರೆ ನಮ್ಮೂರಿನಲ್ಲಿ ಓಡಾಡುವ ಹೆಚ್ಚಿನ ಬೈಕುಗಳಿಗೆ, ವರ್ಷಕ್ಕೆ 714 ರೂಪಾಯಿ, ಮೇಲೆ ತೆರಿಗೆ. ದಿನಕ್ಕೆ ಎರಡೂ ಚಿಲ್ಲರೆ ರೂಪಾಯಿ. ಆ ಗಾರೆ ಕೆಲಸದವರ ಕುಟುಂಬಕ್ಕೆ ಕೊಡಬೇಕಾದ 26,88,000 ರೂಪಾಯಿಯಲ್ಲಿ 3,700 ವರ್ಷಕ್ಕೂ ಹೆಚ್ಚು ಕಾಲದ ಕಂತು ಕಟ್ಟಬಹುದು. ಉಳಿಸಿದೆವು ಎಂದುಕೊಳ್ಳುವ ದುಡ್ಡಿಗೂ, ಮೈಮೇಲೆ ಎಳೆದುಕೊಳ್ಳುವ ಸಾಲಕ್ಕೂ ಇರುವ ಅಂತರ ಇದು.

ಪಹಣಿಯವರೆಗೆ ಬರುವ ದಾರಿ

‘ನನ್ನ ಹತ್ರ ಏನೈತಿ, ಏನ್ ಕಿತ್ಕೋತಾರ?’ ಎಂಬ ಮಾತು ನಮ್ಮಲ್ಲಿ ಬಹಳ ಕೇಳಿಬರುತ್ತದೆ. ಓದುವ ಹುಡುಗನ ಹತ್ತಿರ ಏನೂ ಇರುವುದಿಲ್ಲ, ನಿಜ. ಆದರೆ ಬೈಕ್ ಯಾರ ಹೆಸರಿನಲ್ಲಿದೆ? ಹೆಚ್ಚಿನ ಮನೆಗಳಲ್ಲಿ ಅಪ್ಪನ ಹೆಸರಿನಲ್ಲಿ. ಇಲ್ಲವೇ ಕೆಲಸಕ್ಕೆ ಸೇರಿದ ಅಣ್ಣನ ಹೆಸರಿನಲ್ಲಿ. ಅಪಘಾತದ ಪರಿಹಾರದಲ್ಲಿ ಓಡಿಸಿದವನ ಜೊತೆಗೆ ಮಾಲೀಕನೂ ಹೊಣೆ. ವಿಮೆ ಇದ್ದಿದ್ದರೆ ಆ ಹೊಣೆಯನ್ನು ಕಂಪನಿ ಹೊರುತ್ತಿತ್ತು. ಇಲ್ಲದಿದ್ದರೆ ಅದು ಅಪ್ಪನ ಹೆಗಲಿಗೆ.

ಬಳ್ಳಾರಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಇಂತಿಷ್ಟು ಕೊಡಬೇಕೆಂದು ಆದೇಶ ಮಾಡಿದ ಮೇಲೂ ಹಣ ಕಟ್ಟದಿದ್ದರೆ ಕಾಯ್ದೆಯ 174ನೇ ಸೆಕ್ಷನ್ ಇದೆ. ಅದರಂತೆ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಬಹುದು. ಜಿಲ್ಲಾಧಿಕಾರಿ ಆ ಮೊತ್ತವನ್ನು ಭೂ ಕಂದಾಯದ ಬಾಕಿಯಂತೆ ವಸೂಲಿ ಮಾಡುತ್ತಾರೆ. ಭೂ ಕಂದಾಯದ ಬಾಕಿ ಎಂದರೆ ಏನೆಂದು ಹೊಲವಿರುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೋಟಿಸ್, ಜಪ್ತಿ, ಹರಾಜು. ತುಂಗಭದ್ರಾ ಕಾಲುವೆಯ ನೀರು ನಂಬಿ ಭತ್ತವನ್ನೋ ಮೆಣಸಿನಕಾಯಿಯನ್ನೋ ಹಾಕುವ ಎರಡು ಎಕರೆಯ ಮೇಲೆ, ಮಗ ರಿನ್ಯೂ ಮಾಡಿಸದೆ ಬಿಟ್ಟ ಒಂದು ಕಾಗದದ ಭಾರ ಬೀಳುತ್ತದೆ. ಮೇಲ್ಮನವಿಗೆ ಧಾರವಾಡದ ಹೈಕೋರ್ಟ್ ಪೀಠ ಇದೆ. ಆದರೆ ಅಲ್ಲಿ ಪರಿಹಾರದ ಮೊತ್ತ ಹೆಚ್ಚುಕಡಿಮೆಯಾದೀತೇ ಹೊರತು, ಇಲ್ಲದ ವಿಮೆ ಹುಟ್ಟುವುದಿಲ್ಲ. ಸಂಚಾರ ದಂಡಕ್ಕೆ ಸಿಗುವ ಅರ್ಧ ರಿಯಾಯಿತಿ ಇಲ್ಲಿಲ್ಲ.

ವಾಹನವೂ ಅಷ್ಟು ಸುಲಭಕ್ಕೆ ಠಾಣೆಯಿಂದ ಹೊರಬರುವುದಿಲ್ಲ. ಸಾವು ಅಥವಾ ಗಾಯ ಉಂಟುಮಾಡಿದ ವಾಹನಕ್ಕೆ ವಿಮೆ ಇಲ್ಲದಿದ್ದರೆ, ಪರಿಹಾರಕ್ಕೆ ತಕ್ಕ ಭದ್ರತೆ ಕೊಡುವ ತನಕ ಅದನ್ನು ಮಾಲೀಕನಿಗೆ ಬಿಡಬಾರದು, ಭದ್ರತೆ ಕೊಡದಿದ್ದರೆ ಹರಾಜು ಹಾಕಿ ಬಂದ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕೆಂದು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದ ಮೋಟಾರು ವಾಹನ ನಿಯಮಗಳಲ್ಲೂ ಈಗ ಇಂಥ ನಿಯಮವಿದೆ.

ಉದ್ಯೋಗ ಹುಡುಕುತ್ತಿರುವವರು ಇನ್ನೊಂದು ವಿಷಯ ತಿಳಿದಿರಬೇಕು. ನಿರ್ಲಕ್ಷ್ಯದಿಂದ ಜೀವ ತೆಗೆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಶಿಕ್ಷೆ ಆಗಬಹುದು. ಈ ಕ್ರಿಮಿನಲ್ ಪ್ರಕರಣದಿಂದ ಯಾವ ವಿಮೆಯೂ ಕಾಪಾಡುವುದಿಲ್ಲ. ಸರ್ಕಾರಿ ನೌಕರಿಯ ದೃಢೀಕರಣ ಪತ್ರದಲ್ಲಿ ‘ನಿಮ್ಮ ಮೇಲೆ ಪ್ರಕರಣ ಇದೆಯೇ’ ಎಂದು ಕೇಳಿದರೆ ನಿಜವನ್ನೇ ಬರೆಯಬೇಕು. ಮುಚ್ಚಿಟ್ಟರೆ ಪ್ರಕರಣಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ. ಆ ಸಂಕಟದ ಮೇಲೆ ಇಪ್ಪತ್ತು ಮೂವತ್ತು ಲಕ್ಷದ ಸಾಲವೂ ಬೀಳದಂತೆ ತಡೆಯುವುದಷ್ಟೇ ವಿಮೆಯ ಕೆಲಸ. ಆ ಕೆಲಸ ಸಣ್ಣದೇನಲ್ಲ.

ಪೆಟ್ಟು ತಿಂದವರ ಪಾಡು

ಇಲ್ಲಿಯವರೆಗೆ ಓಡಿಸಿದವನ ನಷ್ಟದ ಮಾತಾಯಿತು. ಇದಕ್ಕಿಂತ ದೊಡ್ಡ ಅನ್ಯಾಯ ಆಗುವುದು ಎದುರಿನವರಿಗೆ.

ಡಿಕ್ಕಿ ಹೊಡೆದು ಓಡಿಹೋದ ವಾಹನ ಯಾವುದೆಂದು ಗೊತ್ತಾಗದಿದ್ದರೆ, ಕಾಯ್ದೆಯ 161ನೇ ಸೆಕ್ಷನ್ ಅಡಿಯ ಯೋಜನೆಯಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. 2022ರ ಏಪ್ರಿಲ್ 1ರಿಂದ ಈ ಮೊತ್ತ ಜಾರಿಯಲ್ಲಿದೆ. ವಾಹನಕ್ಕೆ ವಿಮೆ ಇದ್ದರೆ ಪೂರ್ತಿ ಪರಿಹಾರ ಕಂಪನಿಯಿಂದ ಬರುತ್ತದೆ. ಆದರೆ ವಾಹನ ಗೊತ್ತಿದೆ, ಓಡಿಸಿದವನು ಗೊತ್ತಿದ್ದಾನೆ, ವಿಮೆ ಮಾತ್ರ ಇಲ್ಲ ಎಂದಾದಾಗ? ಗುರುತು ಸಿಗದ ವಾಹನಕ್ಕೆಂದು ಇರುವ ಆ ಪರಿಹಾರ ಅವರಿಗೆ ಅನ್ವಯಿಸುವುದಿಲ್ಲ. ಕೈಗೆ ಬರುವುದು ನ್ಯಾಯಮಂಡಳಿಯ ಆದೇಶದ ಪ್ರತಿ. ಅದರಲ್ಲಿ 26 ಲಕ್ಷ ಎಂದು ಬರೆದಿರುತ್ತದೆ. ಕೊಡಬೇಕಾದವನ ಮನೆಯಲ್ಲಿ 26 ಸಾವಿರವೂ ಇರುವುದಿಲ್ಲ. ಲೋಕ ಅದಾಲತ್‌ನಲ್ಲಿ ಅಪಘಾತದ ಪ್ರಕರಣಗಳು ಬೇಗ ರಾಜಿಯಾಗುವುದು ಎದುರು ಕುರ್ಚಿಯಲ್ಲಿ ಹಣ ಕೊಡಬಲ್ಲ ವಿಮಾ ಕಂಪನಿ ಕುಳಿತಿರುವುದರಿಂದ. ಆ ಕುರ್ಚಿ ಖಾಲಿಯಿದ್ದರೆ ರಾಜಿ ಯಾರ ಜೊತೆ ಆಗಬೇಕು?

2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ ಬಂದಿದೆ. ಒಳ್ಳೆಯದೇ. ಆದರೆ ಏಳು ದಿನ ಕಳೆದ ಮೇಲೂ ಕಾಲು ಮುರಿದವನ ಕಾಲು ಮುರಿದೇ ಇರುತ್ತದೆ. ಹತ್ತಿ ಬಿಡಿಸುವ ಹಂಗಾಮು ಹೋಗುತ್ತದೆ, ಮಗಳ ಕಾಲೇಜಿನ ಫೀ ನಿಲ್ಲುತ್ತದೆ. ಅದನ್ನು ತುಂಬುವುದು ಪರಿಹಾರದ ಕೆಲಸ.

ಇನ್ನೊಂದು ಅಪಾಯವೂ ಇದೆ. ಕಾಗದಪತ್ರ ಸರಿಯಿರುವವನಿಗೆ ಅಪಘಾತವಾದಾಗ ನಿಂತು ಗಾಯಾಳುವನ್ನು ಎತ್ತಲು ಧೈರ್ಯವಿರುತ್ತದೆ. ವಿಮೆಯಿಲ್ಲದವನಿಗೆ ಮೊದಲು ಹೊಳೆಯುವುದು ಓಡಿಹೋಗುವ ಯೋಚನೆ. ಗಾಯಾಳುವಿಗೆ ವೈದ್ಯಕೀಯ ನೆರವು ಕೊಡಿಸುವುದು, ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ ಎಂದು ಕಾಯ್ದೆಯ 134ನೇ ಸೆಕ್ಷನ್ ಹೇಳುತ್ತದೆ. 714 ರೂಪಾಯಿ ಉಳಿಸಿದವನು ಆ ಕರ್ತವ್ಯ ಮಾಡಲಾರದ ಸ್ಥಿತಿಗೆ ತನ್ನನ್ನು ತಾನೇ ತಂದುಕೊಂಡಿರುತ್ತಾನೆ. ರಕ್ತ ಹರಿಯುತ್ತಿರುವವನಿಗೆ ಆ ಹತ್ತು ನಿಮಿಷವೇ ಜೀವ.

ಇದೆ ಎಂದುಕೊಂಡವರ ವಿಮೆ

ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ 2024ರ ಫೆಬ್ರುವರಿಯ ವರದಿಯಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ವಾಹನಗಳಿಗೆ ವಿಮೆ ಇಲ್ಲವೆಂದು ಹೇಳಿದೆ. ಇವರೆಲ್ಲ ಬೇಕೆಂದೇ ಬಿಟ್ಟವರಲ್ಲ. ಎಷ್ಟೋ ಜನ ‘ನಂದು ಐತಿ’ ಎಂದು ನಂಬಿಕೊಂಡೇ ಓಡಾಡುತ್ತಿರುತ್ತಾರೆ. ಎಡವುವ ಜಾಗಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಐದು ವರ್ಷದ ಲೆಕ್ಕ. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ರಸ್ತೆ ಸುರಕ್ಷತೆಗಾಗಿ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2018ರ ಜುಲೈನಲ್ಲಿ ಒಂದು ಆದೇಶ ಮಾಡಿತು. ಅದರಂತೆ ಆ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನ ಕೊಳ್ಳುವಾಗಲೇ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಐದು ವರ್ಷ ನೆಮ್ಮದಿಯಿಂದ ಓಡಿಸಿದ ಮನೆಯವರಿಗೆ ಅದು ಮುಗಿಯುವ ದಿನ ನೆನಪಿರುವುದಿಲ್ಲ. ಈಗ ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಆಗಿ ವಿದ್ಯಾರ್ಥಿಗಳ ಕೈಗೆ ಬರುತ್ತಿರುವ 2018, 2019, 2020ರ ಬೈಕುಗಳ ಮೊದಲ ಪಾಲಿಸಿ ಮುಗಿದೇ ಹೋಗಿದೆ. ಕೊಳ್ಳುವ ಮುಂಚೆ ಟೈರ್ ನೋಡುತ್ತೇವೆ, ಚೈನ್ ನೋಡುತ್ತೇವೆ. ಪಾಲಿಸಿಯ ಕೊನೆಯ ದಿನಾಂಕವನ್ನೂ ನೋಡಬೇಕು.

ಎರಡನೆಯದು ಆರ್‌ಸಿ ಬದಲಾಯಿಸದ ಮಾರಾಟ. ಬೈಕ್ ಮಾರಿ ಹಣ ಎಣಿಸಿಕೊಂಡ ಮೇಲೆ ತನ್ನ ಕೆಲಸ ಮುಗಿಯಿತು ಎಂದು ಮಾರಿದವನು ತಿಳಿಯುತ್ತಾನೆ. ವಾಹನ ಕೈಯಿಂದ ಕೈಗೆ ಎಷ್ಟು ಸಲ ಮಾರಾಟವಾಗಿದ್ದರೂ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಪರಿಹಾರದ ಮಟ್ಟಿಗೆ ಮಾಲೀಕರು ಎಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಂದರೆ ನೀವು ಮೂರು ವರ್ಷದ ಹಿಂದೆ ಮಾರಿದ ಬೈಕು ಇವತ್ತು ಸಿರುಗುಪ್ಪದಲ್ಲಿ ಯಾರಿಗೋ ಬಡಿದರೆ ನೋಟಿಸ್ ನಿಮ್ಮ ಮನೆಗೆ ಬರಬಹುದು. ಕೊಂಡವನು ಹದಿನಾಲ್ಕು ದಿನದೊಳಗೆ ವಿಮಾ ಕಂಪನಿಗೂ ಅರ್ಜಿ ಕೊಟ್ಟು ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು.

ಮೂರನೆಯದು ಎರವಲು ಬೈಕ್. ಇದಕ್ಕೆ ನಮ್ಮ ಪಕ್ಕದ ಸೀಮೆಯ ಪ್ರಕರಣವೇ ಇದೆ. ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ, ಬೇರೆಯವರಿಂದ ಕೇಳಿ ತಂದ ಬೈಕಿನಲ್ಲಿ ಊರಿಗೆ ಹೊರಟಿದ್ದ ಒಬ್ಬರು, ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಾಗ ಅದಕ್ಕೆ ಬಡಿದು ತೀರಿಕೊಂಡರು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ. ಆದ್ದರಿಂದ ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ಸೆಕ್ಷನ್ ಅಡಿ ಆ ಬೈಕಿನ ವಿಮಾ ಕಂಪನಿಯಿಂದ ಅವನ ಮನೆಯವರು ಕೇಳಲಾಗದು ಎಂದು 2009ರಲ್ಲಿ ಕೋರ್ಟ್ ಹೇಳಿತು. ಬೇರೆ ಸೆಕ್ಷನ್ ಅಡಿ ಪರಿಹಾರ ಸಿಗಬಹುದೇ ಎಂದು ನೋಡಲು ಹೈಕೋರ್ಟಿಗೆ ವಾಪಸು ಕಳಿಸಿತು. ಗಂಡನನ್ನೋ ಮಗನನ್ನೋ ಕಳೆದುಕೊಂಡ ಮನೆಗೆ ಇಷ್ಟು ವರ್ಷಗಳ ಅಲೆದಾಟ.

ನಾಲ್ಕನೆಯದು ಹಿಂಬದಿ ಸವಾರ. ಬರೀ ಥರ್ಡ್ ಪಾರ್ಟಿ ಪಾಲಿಸಿ ಹಿಂದೆ ಕುಳಿತ ಗೆಳೆಯನನ್ನು ಒಳಗೊಳ್ಳುವುದಿಲ್ಲ ಎಂದು 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂದೆ ಕುಳಿತವನಿಗೂ ರಕ್ಷಣೆ ಇರುತ್ತದೆ. ದಿನಾ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಓಡಾಡುವವರು ಈ ವ್ಯತ್ಯಾಸ ಕೇಳಿ ತಿಳಿದು ಪಾಲಿಸಿ ಮಾಡಿಸಬೇಕು. ಓಡಿಸುವ ಮಾಲೀಕನಿಗೇ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಬೇರೆ ಇದೆ. ಅದನ್ನು ‘ಬ್ಯಾಡ ಬಿಡ್ರಿ’ ಎಂದು ಬಿಡಿಸಬಾರದು.

ಐದನೆಯದು ನಮ್ಮ ಹಳ್ಳಿಗಳದೇ ವಿಶೇಷ. ಮೆಣಸಿನಕಾಯಿ, ಹತ್ತಿ ಬಿಡಿಸುವ ಕಾಲದಲ್ಲಿ ಕೂಲಿಯವರನ್ನು ಸರಕು ಸಾಗಿಸುವ ಗಾಡಿಗಳಲ್ಲಿ, ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ತುಂಬಿಕೊಂಡು ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಕುಳಿತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಗಾಡಿಗೆ ವಿಮೆ ಇರುತ್ತದೆ, ಗಾಡಿಯಲ್ಲಿರುವ ಇಪ್ಪತ್ತು ಹೆಣ್ಣುಮಕ್ಕಳಿಗೆ ಇರುವುದಿಲ್ಲ. ಉರುಳಿಬಿದ್ದ ದಿನವೇ ಇದು ಎಲ್ಲರಿಗೂ ಗೊತ್ತಾಗುವುದು.

ಲೈಸೆನ್ಸ್ ಇಲ್ಲದವನ ಕೈಗೆ ಬೈಕ್ ಕೊಟ್ಟಿದ್ದರೂ ಇದೇ ಗೋಳು. ಅಂಥ ಕಡೆ ಕಂಪನಿ ಗಾಯಾಳುವಿಗೆ ಮೊದಲು ಪರಿಹಾರ ಕೊಟ್ಟು, ಆಮೇಲೆ ಅಷ್ಟನ್ನೂ ಮಾಲೀಕನಿಂದ ವಸೂಲಿ ಮಾಡಲು ಕೋರ್ಟ್ ಅವಕಾಶ ಕೊಡುತ್ತದೆ. ಹದಿನೆಂಟು ತುಂಬದ ಮಕ್ಕಳ ಕೈಗೆ ಕೊಟ್ಟು ಅವರಿಂದ ಅಪರಾಧವಾದರೆ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷವಾಗುವ ತನಕ ಲೈಸೆನ್ಸ್ ಇಲ್ಲ. ಡೆಲಿವರಿ ಕೆಲಸಕ್ಕೋ ಚಾಲಕನ ಕೆಲಸಕ್ಕೋ ಹೋಗಬೇಕೆಂದಿದ್ದರೆ ಆ ಬಾಗಿಲೂ ಮುಚ್ಚಿತು.

ಕೊನೆಯದು ‘ನಾಳೆ ಮಾಡಿಸೋಣ’. ಸುಪ್ರೀಂ ಕೋರ್ಟ್ ಮುಂದೆ ಬಂದಿದ್ದ ಹಳೆಯ ಪ್ರಕರಣವೊಂದರಲ್ಲಿ ಅಪಘಾತ ನಡೆದದ್ದು ಮಧ್ಯಾಹ್ನ 2.20ಕ್ಕೆ. ಪಾಲಿಸಿ ಮಾಡಿಸಿದ್ದು ಅದೇ ದಿನ 2.55ಕ್ಕೆ. ದಿನಾಂಕ ಒಂದೇ ಆದರೂ 35 ನಿಮಿಷ ತಡವಾಗಿದ್ದರಿಂದ ಕಂಪನಿಗೆ ಹೊಣೆಯಿಲ್ಲ ಎಂದಾಯಿತು. ಪೂರ್ತಿ ಭಾರ ಮಾಲೀಕನ ಮೇಲೆ ಬಿತ್ತು.

‘ಕಂಪನಿಯವರು ಕೊಡೋದಿಲ್ಲ ಬಿಡ್ರಿ’

ವಿಮೆ ಬೇಡವೆನ್ನುವವರು ಎರಡು ಮಾತು ಹೇಳುತ್ತಾರೆ. ಒಂದು, ಕಂಪನಿಗಳು ಏನಾದರೂ ನೆಪ ಹೇಳಿ ದುಡ್ಡು ಕೊಡುವುದಿಲ್ಲ ಎಂಬುದು. ನಮ್ಮ ವಾಹನದ ರಿಪೇರಿಯ ಹಣಕ್ಕೆ ಅಲೆದವರ ಸಿಟ್ಟು ಇದು. ಆ ಸಿಟ್ಟಿನಲ್ಲಿ ಅರ್ಥವಿದೆ. ಆದರೆ ಥರ್ಡ್ ಪಾರ್ಟಿ ಪರಿಹಾರವನ್ನು ತೀರ್ಮಾನಿಸುವುದು ಕಂಪನಿಯಲ್ಲ, ನ್ಯಾಯಮಂಡಳಿ. ಕಂಪನಿ ಅಲ್ಲಿ ಒಬ್ಬ ಪ್ರತಿವಾದಿ ಮಾತ್ರ. ಎರಡನೆಯದು, ಬಡವರಿಗೆ ಇದೆಲ್ಲ ಹೊರೆ ಎಂಬುದು. ದಂಡ ಬಡವರಿಗೆ ಹೊರೆ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ವರ್ಷದ ಕಂತು ಒಂದು ಸಲದ ದಂಡಕ್ಕಿಂತ ಕಡಿಮೆ. ರಸ್ತೆಯಲ್ಲಿ ನಡೆದು ಹೋಗುವವರು, ಸೈಕಲ್‌ನಲ್ಲಿ ಹೋಗುವವರು ಹೆಚ್ಚಾಗಿ ಬಡವರೇ. ಬಡವನ ಹೆಸರು ಹೇಳಿ ವಿಮೆ ಬಿಟ್ಟರೆ ಪೆಟ್ಟು ತಿನ್ನುವವನೂ ಬಡವನೇ.

ಹಾಗಾಗಿ ಆಗಬೇಕಾದ್ದು ಏನು? ಪೊಲೀಸರು ವಿಮೆಯಿಲ್ಲದ ಬೈಕ್ ಹಿಡಿದು ದಂಡ ಹಾಕಿ ಬಿಟ್ಟರೆ ಆ ಬೈಕು ಹತ್ತು ಹೆಜ್ಜೆ ಆಚೆ ಮತ್ತೆ ವಿಮೆಯಿಲ್ಲದ ಬೈಕೇ. ದಂಡದ ಮುಂಚೆ ಅಲ್ಲೇ ಮೊಬೈಲಿನಲ್ಲಿ ಪಾಲಿಸಿ ಮಾಡಿಸುವಂತೆ ಹೇಳಲಿ, ಮಾಡಿಸಿದವನಿಗೆ ಮೊದಲ ಸಲ ದಂಡದಲ್ಲಿ ಸಡಿಲಿಕೆ ಇರಲಿ. ಸರ್ಕಾರ ರಿಯಾಯಿತಿ ಕೊಡುವುದಾದರೆ ಹಳೆಯ ದಂಡಕ್ಕಿಂತ ಹೊಸ ವಿಮೆಗೆ ಕೊಡಲಿ. ಗ್ರಾಮ ಪಂಚಾಯಿತಿಗಳು ಮನೆ ಕಂದಾಯ ವಸೂಲಿಯ ಕಾಲದಲ್ಲಿ ಒಂದು ದಿನ ವಿಮಾ ಶಿಬಿರ ಇಡಲಿ. ಕಾಲೇಜುಗಳು ವಾಹನ ನಿಲುಗಡೆಗೆ ಅನುಮತಿ ಕೊಡುವಾಗ ಪಾಲಿಸಿಯ ದಿನಾಂಕ ಕೇಳಲಿ. ಎನ್‌ಎಸ್‌ಎಸ್ ಘಟಕಗಳು ಒಂದು ಭಾನುವಾರ ಊರಿನ ಬೈಕುಗಳ ದಿನಾಂಕ ನೋಡಿ ಹೇಳಿದರೆ ಅದಕ್ಕಿಂತ ಒಳ್ಳೆಯ ಸೇವೆ ಇಲ್ಲ. ಈಗಾಗಲೇ ಪೆಟ್ಟು ತಿಂದು ದಾರಿ ಕಾಣದ ಕುಟುಂಬಗಳು ಬಳ್ಳಾರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ವಕೀಲರ ನೆರವು ಉಚಿತ.

ಉಳಿದದ್ದು ನಮ್ಮ ಕೈಯಲ್ಲೇ ಇದೆ. ಎಂಪರಿವಾಹನ್ ಆ್ಯಪ್‌ನಲ್ಲಿ ಬೈಕಿನ ನಂಬರ್ ಹಾಕಿದರೆ ವಿಮೆ ಯಾವತ್ತಿನವರೆಗೆ ಇದೆ ಎಂದು ಬರುತ್ತದೆ. ಮಧ್ಯವರ್ತಿ ಕೊಟ್ಟ ಪಾಲಿಸಿ ಅಸಲಿಯೋ ನಕಲಿಯೋ ಎಂಬ ಅನುಮಾನವಿದ್ದರೆ ಅದರಲ್ಲಿರುವ ನಂಬರ್ ಹಿಡಿದು ಕಂಪನಿಯಲ್ಲೇ ವಿಚಾರಿಸಬಹುದು. ಅಪ್ಪನ ಬೈಕಿನದು, ಅಣ್ಣನದು, ದೊಡ್ಡಪ್ಪನ ಟ್ರ್ಯಾಕ್ಟರಿನದು ಎಲ್ಲವನ್ನೂ ನೋಡಿ. ಮನೆಯಲ್ಲಿ ಮೊಬೈಲ್ ಚೆನ್ನಾಗಿ ಬಲ್ಲವರು ನಾವು. ಈ ಕೆಲಸ ನಮ್ಮದೇ. ದಿನಾಂಕ ಮುಗಿದಿದ್ದರೆ ಪಾಲಿಸಿ ಕೈಗೆ ಬರುವ ತನಕ ಬೈಕನ್ನು ಮನೆಯ ಮುಂದೆಯೇ ನಿಲ್ಲಿಸಿ ಬಸ್ಸಿಗೆ ಹೋಗಿ. ಒಂದು ದಿನ ತರಗತಿ ತಡವಾದರೆ ಹಾಜರಿ ಹೋಗಬಹುದು, ಹೊಲ ಹೋಗುವುದಿಲ್ಲ.